ಕಬ್ಬಿನ ಟ್ರ್ಯಾಕ್ಟರಿನಿಂದ ಕಂಟೇನರ್ ಹಡಗಿನವರೆಗೆ

ಕಬ್ಬಿನ ಹಂಗಾಮಿನಲ್ಲಿ ಬೀಳಗಿಯಿಂದ ಮುಧೋಳ, ಮಹಾಲಿಂಗಪುರ ದಾಟಿ ರಬಕವಿ-ಬನಹಟ್ಟಿ, ಜಮಖಂಡಿ ಕಡೆ ಹೊರಟರೆ ಒಂದು ಮಾತು ನೆನಪಿಟ್ಟುಕೊಳ್ಳಿ: ಅವಸರ ಬೇಡ. ಮುಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್ ಇದ್ದೇ ಇರುತ್ತೆ. ಹಾಡು ಜೋರು, ವೇಗ ಕಡಿಮೆ. ಹಾರ್ನ್ ಹೊಡೆದು ಉಪಯೋಗವಿಲ್ಲ.

ಈ ಕಡೆ ಬರುವವರು ರನ್ನನ ಮುಧೋಳ, ಪಟವರ್ಧನರ ಜಮಖಂಡಿ, ರೈತರೇ ದುಡ್ಡು ಹಾಕಿ 1989ರಲ್ಲಿ ಕೃಷ್ಣೆಗೆ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜ್ ನೋಡಿ ಹೋಗ್ತಾರೆ. ನೋಡಲೇಬೇಕು. ಜೊತೆಗೆ ರಸ್ತೆ ಮೇಲಿನ ಲೋಡುಗಳನ್ನೂ ಸ್ವಲ್ಪ ನೋಡಿ. ದೊಡ್ಡ ಬಂದರಿನಲ್ಲಿ ಸರಕನ್ನು ಯಾವ್ಯಾವ ಜಾತಿಯಾಗಿ ವಿಂಗಡಿಸುತ್ತಾರೋ ಅವೆಲ್ಲ ಸಮುದ್ರವೇ ಇಲ್ಲದ ಈ ನಾಲ್ಕು ಊರುಗಳಲ್ಲಿ ಸಿಗುತ್ತವೆ.

ಚೀಲವೋ, ರಾಶಿಯೋ?

ಕಬ್ಬು ದೂರ ಹೋಗುವ ಸರಕಲ್ಲ. ಕಡಿದ ಮೇಲೆ ಗಂಟೆ ಕಳೆದಂತೆ ತೂಕವೂ ಸಕ್ಕರೆ ಅಂಶವೂ ಇಳಿಯುತ್ತೆ. ಹಾಗಾಗಿ ಕಾರ್ಖಾನೆಯೇ ಕಬ್ಬಿನ ಹತ್ತಿರ ಬಂದಿದೆ. ಸುಮಾರು ಹತ್ತು ಟನ್ ಕಬ್ಬು ಅರೆದರೆ ಒಂದು ಟನ್ ಸಕ್ಕರೆ. ಮುಂದಿನ ಪ್ರಯಾಣ ಆ ಒಂದು ಟನ್ನಿನದು.

ಸಕ್ಕರೆ ಹಡಗು ಹತ್ತುವುದು ಮೂರು ರೀತಿ. ಕಚ್ಚಾ ಸಕ್ಕರೆಯಾದರೆ ಮರಳಿನ ಹಾಗೆ ಹಡಗಿನ ಹೊಟ್ಟೆಗೇ ಸುರಿಯಬಹುದು, ಇದು ಬಲ್ಕ್. ಐವತ್ತು ಕಿಲೋ ಚೀಲಗಳನ್ನು ಕ್ರೇನಿನಿಂದ ಎತ್ತಿ ಹಡಗಿನೊಳಗೆ ಜೋಡಿಸಿದರೆ ಬ್ರೇಕ್ ಬಲ್ಕ್. ಅದೇ ಚೀಲಗಳನ್ನು ಕಾರ್ಖಾನೆಯಲ್ಲೇ ಉಕ್ಕಿನ ಪೆಟ್ಟಿಗೆಗೆ ತುಂಬಿ ಸೀಲ್ ಹಾಕಿದರೆ ಕಂಟೇನರ್ ಸರಕು. ಇಪ್ಪತ್ತು ಅಡಿಯ ಒಂದು ಕಂಟೇನರಿಗೆ 520 ಚೀಲ ಹಾಕಿದರೆ 26 ಟನ್ ಆಯ್ತು. 30,000 ಟನ್ ಒಯ್ಯುವ ಒಂದು ಬಲ್ಕ್ ಹಡಗು ತುಂಬಬೇಕೆಂದರೆ 25 ಟನ್ನಿನ 1,200 ಲಾರಿ ಬೇಕು. ಲೆಕ್ಕ ಹಾಕಿದರೆ ತಲೆ ತಿರುಗುತ್ತೆ ಅಲ್ವಾ?

ಈ ಪೆಟ್ಟಿಗೆಯ ಕಥೆಯೂ ಹಳೆಯದೇನಲ್ಲ. 1956ರಲ್ಲಿ ಅಮೆರಿಕದ ಮಾಲ್ಕಂ ಮೆಕ್ಲೀನ್ 58 ಪೆಟ್ಟಿಗೆಗಳನ್ನು ಒಂದೇ ಹಡಗಿನಲ್ಲಿ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಸರಕು ಮುಟ್ಟದೆ ಪೆಟ್ಟಿಗೆಯನ್ನೇ ಲಾರಿಯಿಂದ ಹಡಗಿಗೆ, ಹಡಗಿನಿಂದ ರೈಲಿಗೆ ಬದಲಾಯಿಸುವುದು ಅಲ್ಲಿಂದ ಬೆಳೆದ ಪದ್ಧತಿ.

ಮಹಾಲಿಂಗಪುರದ ಬೆಲ್ಲಕ್ಕೆ ಮಾತ್ರ ಪೆಟ್ಟಿಗೆಯೊಳಗೂ ಒಬ್ಬ ವೈರಿ ಇದ್ದಾನೆ: ತೇವ. ಹಗಲು ಬಿಸಿ, ರಾತ್ರಿ ತಂಪು ಆದಾಗ ಕಂಟೇನರಿನ ಛಾವಣಿ ಬೆವರಿ ಹನಿ ಕೆಳಗೆ ಬೀಳುತ್ತೆ. ಒಳಗೆ ಕಾಗದದ ಪದರ, ತೇವ ಹೀರುವ ಚೀಲ ಕಟ್ಟದಿದ್ದರೆ ಬೆಲ್ಲ ಊರು ಮುಟ್ಟುವಷ್ಟರಲ್ಲಿ ಜೋನಿ!

ಬೆಂಕಿ, ಚಳಿ, ಗಾಳಿ

ಕಾರ್ಖಾನೆಯ ಇನ್ನೊಂದು ಗೇಟಿನಿಂದ ಟ್ಯಾಂಕರುಗಳು ಹೊರಡುತ್ತವೆ. ಕಾಕಂಬಿ, ಎಥೆನಾಲ್ ಎರಡೂ ದ್ರವ ಸರಕು, ಆದರೆ ಗುಣ ಬೇರೆ. ಎಥೆನಾಲ್ ಬೇಗ ಹೊತ್ತಿಕೊಳ್ಳುವುದರಿಂದ ಅಪಾಯಕಾರಿ ಸರಕುಗಳ ಮೂರನೇ ವರ್ಗದಲ್ಲಿದೆ. ಟ್ಯಾಂಕರಿನ ಮೇಲೆ ವಜ್ರಾಕಾರದ ಕೆಂಪು ಚೀಟಿ, ಅದರಲ್ಲಿ ಜ್ವಾಲೆಯ ಚಿತ್ರ. ಓವರ್‌ಟೇಕ್ ಮಾಡುವ ಮುಂಚೆ ಅದನ್ನೊಮ್ಮೆ ನೋಡಿ.

ದಾಳಿಂಬೆಯದು ಚಳಿಯ ಕಥೆ. ಕಿತ್ತ ಹಣ್ಣಿಗೆ ಸುಮಾರು 5ರಿಂದ 7 ಡಿಗ್ರಿ ಬೇಕು; ಅದಕ್ಕಿಂತ ತಂಪಾದರೂ ಸಿಪ್ಪೆ ಕಂದು ತಿರುಗುತ್ತೆ. ಶೀತಲ ಕಂಟೇನರಿಗೆ ದಾರಿಯಲ್ಲಿ ಜನರೇಟರ್, ಬಂದರಿನಲ್ಲಿ ಪ್ಲಗ್, ಹಡಗಿನಲ್ಲಿ ಮತ್ತೆ ಪ್ಲಗ್. ಎಲ್ಲೋ ಕೆಲವು ತಾಸು ಕರೆಂಟ್ ಹೋದರೆ ಅದರ ಗುರುತು ವಾರಗಳ ನಂತರ ಪೆಟ್ಟಿಗೆ ಬಿಚ್ಚಿದಾಗ ಕಾಣಿಸುತ್ತೆ. 2025ರಲ್ಲಿ ಭಾರತದ ಸುಮಾರು 14 ಟನ್ ಭಗವಾ ದಾಳಿಂಬೆ ಹಡಗಿನಲ್ಲಿ ಐದು ವಾರ ಪ್ರಯಾಣಿಸಿ ಅಮೆರಿಕ ಮುಟ್ಟಿದ್ದು ಇದಕ್ಕೇ ಸುದ್ದಿಯಾಯಿತು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ದಾಳಿ ಶುರುವಾಗಿ ಹಡಗುಗಳು ಆಫ್ರಿಕಾ ಸುತ್ತಿ ಯುರೋಪಿಗೆ ಹೋಗತೊಡಗಿದಾಗ ಹತ್ತು ಹನ್ನೆರಡು ದಿನ ಹೆಚ್ಚಾಯ್ತು. ಸಕ್ಕರೆಗೆ ಅದು ಬರೀ ಖರ್ಚು. ಹಣ್ಣಿಗೆ ಅದು ಆಯುಷ್ಯ.

ರಬಕವಿ-ಬನಹಟ್ಟಿಗೆ ಬಂದರೆ ಓಣಿ ತುಂಬ ಮಗ್ಗದ ಸದ್ದು. ಕಂಟೇನರ್ ತುಂಬುವಷ್ಟು ಸೀರೆ ಒಬ್ಬ ನೇಕಾರನಿಂದ ಆಗೋದಿಲ್ಲ. ಅದಕ್ಕೆ ಹತ್ತಾರು ಜನರ ಸರಕು ಸೇರಿಸಿ ಒಂದು ಪೆಟ್ಟಿಗೆ ತುಂಬುವ ವ್ಯವಸ್ಥೆ ಇದೆ. ಬಸ್ಸಿನಲ್ಲಿ ಒಂದು ಸೀಟು ಹಿಡಿದ ಹಾಗೆ. ವಿಮಾನದಲ್ಲಾದರೆ ಗಾಳಿಗೂ ಬಾಡಿಗೆ! ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸುತ್ತಾರೆ. 60, 40, 40ರ ಡಬ್ಬಿಯಲ್ಲಿ 12 ಕಿಲೋ ಸೀರೆ ಇಟ್ಟರೂ ದುಡ್ಡು 16 ಕಿಲೋಗೆ. ಹೊರದೇಶದ ಗೆಳತಿಗೆ ಸೀರೆ ಕಳಿಸೋರು ಡಬ್ಬಿ ಸಣ್ಣದು ಮಾಡಿ.

ಉಸಿರಾಡುವ ಸರಕು

ಮುಧೋಳ ನಾಯಿ ಗೊತ್ತಲ್ಲ? 2005ರಲ್ಲಿ ಅಂಚೆಚೀಟಿ ಮೇಲೆ ಬಂದಿತ್ತು. ಸೈನ್ಯವೂ ಮೀರತ್‌ನಲ್ಲಿ ಇದನ್ನು ಪಳಗಿಸಿದೆ. ಜೀವಂತ ಪ್ರಾಣಿ ವಿಮಾನ ಹತ್ತಬೇಕಾದರೆ ಪೆಟ್ಟಿಗೆ ಎಷ್ಟಿರಬೇಕು ಅಂತಲೂ ನಿಯಮವಿದೆ: ಅದು ನೇರ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಯುರೋಪಿಗಾದರೆ ಮೈಕ್ರೋಚಿಪ್, ರೇಬೀಸ್ ಲಸಿಕೆ, ರಕ್ತಪರೀಕ್ಷೆ, ಆಮೇಲೆ ಮೂರು ತಿಂಗಳ ಕಾಯುವಿಕೆ. ಉದ್ದ ಕಾಲಿನ ಈ ನಾಯಿಗೆ ಪೆಟ್ಟಿಗೆಯೂ ಎತ್ತರದ್ದೇ ಬೇಕು, ಬಾಡಿಗೆಯೂ ಅದಕ್ಕೆ ತಕ್ಕ ಹಾಗೆ.

ದಾರಿ ಯಾರದು, ಹೊಣೆ ಯಾರದು?

ಇಲ್ಲಿಂದ ಹತ್ತಿರದ ದೊಡ್ಡ ಬಂದರು ಗೋವಾದ ಮುರಗಾವ್. ಆದರೆ ಕಂಟೇನರ್ ಹಡಗುಗಳ ದೊಡ್ಡ ಸಂತೆ ಇರೋದು ಮುಂಬೈ ಪಕ್ಕದ ನ್ಹಾವಾ ಶೇವಾದಲ್ಲಿ, 400 ಕಿ.ಮೀ.ಗೂ ದೂರ. ಅಷ್ಟೂ ದಾರಿ ಲಾರಿಯೇ ಗತಿ ಆಗಿರೋದರಿಂದ ಜನ ಬಾಗಲಕೋಟೆ-ಕುಡಚಿ ರೈಲು ಮಾರ್ಗಕ್ಕೆ ಇಷ್ಟು ವರ್ಷ ಹೋರಾಡಿದ್ದಾರೆ. ಸುಮಾರು 142 ಕಿ.ಮೀ. ಮಾರ್ಗ ಅದು. ಭಾರದ ಸರಕಿಗೆ ರೈಲು ಅಗ್ಗ, ಆ ಉಳಿತಾಯ ಕೊನೆಗೆ ಬೆಳೆದವರ, ನೇಯ್ದವರ ಕೈಗೂ ಒಂದಿಷ್ಟು ಬರಬಹುದು ಅನ್ನೋ ಆಸೆ.

ದಾರಿಯಷ್ಟೇ ಮುಖ್ಯವಾದದ್ದು ಕಾಗದ. ಎಫ್‌ಒಬಿ ಅಂದರೆ ಸರಕು ಹಡಗು ಹತ್ತುವ ತನಕ ಖರ್ಚು, ಹೊಣೆ ಮಾರುವವರದು, ಮುಂದೆ ಕೊಳ್ಳುವವರದು. ಸಿಐಎಫ್ ಅಂದರೆ ಆಚೆ ಬಂದರಿನ ತನಕದ ಬಾಡಿಗೆ, ವಿಮೆ ಮಾರುವವರೇ ಕಟ್ಟುತ್ತಾರೆ. ಆದರೆ ನಷ್ಟದ ಹೊಣೆ ಮಾತ್ರ ಇಲ್ಲಿ ಹಡಗು ಹತ್ತಿದಾಗಲೇ ದಾಟಿರುತ್ತೆ. ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗ್ ಬರೀ ರಸೀದಿ ಅಲ್ಲ, ಸರಕಿನ ಒಡೆತನದ ಪತ್ರ. ಹಣ ಕೈಸೇರುವ ಮುಂಚೆ ಮೂಲಪ್ರತಿ ಬಿಟ್ಟುಕೊಟ್ಟರೆ ಸರಕನ್ನೇ ಬಿಟ್ಟುಕೊಟ್ಟ ಹಾಗೆ.

ಊರಲ್ಲಿ ಅಪ್ಪ ದಾಳಿಂಬೆ ಬೆಳೀತಾರೆ, ಕಾಕಾನ ಮನೇಲಿ ಮಗ್ಗ ಇದೆ, ನೀವು ಬೆಂಗಳೂರು, ಪುಣೆಯ ಆಫೀಸಿನಲ್ಲಿ ಲ್ಯಾಪ್‌ಟಾಪ್ ಮುಂದೆ. ಈ ಕಾಗದ ಓದಿ ಅರ್ಥ ಮಾಡ್ಕೊಳ್ಳೋದು ನಿಮಗೆ ಕಷ್ಟವೇನಲ್ಲ. ರಫ್ತಿಗೆ ಮೊದಲು ಬೇಕಾದ ಐಇಸಿ ಸಂಖ್ಯೆಗೆ ಆನ್‌ಲೈನಿನಲ್ಲೇ ಅರ್ಜಿ, ಶುಲ್ಕ 500 ರೂಪಾಯಿ. ಸಣ್ಣ ಪಾರ್ಸೆಲ್ ರಫ್ತಿಗೆ ಅಂಚೆ ಇಲಾಖೆಯ ಡಾಕ್ ನಿರ್ಯಾತ್ ಕೇಂದ್ರಗಳಿವೆ. ಮುಂದಿನ ಸಲ ಊರಿಗೆ ಹೋದಾಗ ನಮ್ಮ ಮಾಲು ಕೊನೆಗೆ ಯಾವ ಊರು ಮುಟ್ಟುತ್ತೆ, ದಾರಿಯಲ್ಲಿ ಕೆಟ್ಟರೆ ನಷ್ಟ ಯಾರದು ಅಂತ ಮನೆಯವರನ್ನ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಅಲ್ಲಿಂದಲೇ ಶುರು ಮಾಡಿ.