ಬೆರಳು ಬಾತಾವ, ಅಷ್ಟ...

ಬಸಿರಿನ ಬಗ್ಗೆ ಬರೆಯೋರೆಲ್ಲ ವಾಂತಿ, ಬಯಕೆ, ಕುಬಸ, ಹಸಿರು ಬಳೆ ಇಷ್ಟಕ್ಕೇ ಮುಗಿಸ್ತಾರೆ. ಬೆರಳಿನ ಬಗ್ಗೆ ಯಾರೂ ಬರೆಯೋದಿಲ್ಲ. ಅದಕ್ಕೇ ಇವತ್ತು ಬೆರಳು ಪುರಾಣ :)

ಕುಬಸ ಮುಗಿಸಿಕೊಂಡು ನವಲಗುಂದದ ಹತ್ತಿರದ ನಮ್ಮೂರಿಗೆ ಬಂದೆ. ಲ್ಯಾಪ್‌ಟಾಪೂ ಜೊತೆಗೇ ತವರಿಗೆ ಬಂತು. ಎಂಟು ತಿಂಗಳು ತುಂಬೋ ಹೊತ್ತಿಗೆ ಹಸಿ ಮೆಣಸಿನಕಾಯಂತಿದ್ದ ಬೆರಳು ಮಿರ್ಚಿ ಭಜಿ ಆಗಿದ್ದವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟೋಕೆ ಆಗಲ್ಲ. ರಾತ್ರಿ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಜೋಮು ಹಿಡಿದು ಎಚ್ಚರ ಆಗೋದು. ಬಸಿರಲ್ಲಿ ಮೈಯಲ್ಲಿ ನೀರು, ರಕ್ತ ಎರಡೂ ಹೆಚ್ಚುತ್ತವೆ. ಮಣಿಕಟ್ಟಿನ ಇಕ್ಕಟ್ಟು ದಾರಿಯಲ್ಲಿ ಹೋಗೋ ನರವನ್ನ ಆ ಬಾವು ಒತ್ತುತ್ತೆ, ಅದಕ್ಕೇ ಈ ಜೋಮು. ಮಲಗುವಾಗ ಮಣಿಕಟ್ಟು ಮಡಚದಂತೆ ಪಟ್ಟಿ ಕಟ್ಟಿಕೊಂಡರೆ ಎಷ್ಟೋ ಹಗುರ. ಹೆರಿಗೆ ಆದ ಮೇಲೆ ಬಹಳ ಜನರಿಗೆ ತಾನೇ ಹೋಗುತ್ತಂತೆ.

ಉಂಗುರ ತೆಗೆದದ್ದು ಅವ್ವ. ಸೋಪು ಹಚ್ಚಿದರೂ ಬರಲಿಲ್ಲ. ದಾರದ ತುದಿಯನ್ನ ಉಂಗುರದ ಕೆಳಗಿಂದ ಅಂಗೈ ಕಡೆ ತೂರಿಸಿ, ಉಳಿದ ದಾರವನ್ನ ಉಂಗುರದಿಂದ ಗಿಣ್ಣು ದಾಟೋವರೆಗೆ ಒತ್ತೊತ್ತಾಗಿ ಸುತ್ತಿದಳು. ಆಮೇಲೆ ಅಂಗೈ ಕಡೆಯ ತುದಿ ಹಿಡಿದು ಬಿಚ್ಚುತ್ತಾ ಬಂದಳು. ದಾರ ಬಿಚ್ಚಿದಂಗೆಲ್ಲ ಉಂಗುರ ತಾನೇ ಮುಂದೆ ಸರಿದು ಬಂತು! ಆದರೆ ಬೆರಳು ನೀಲಿಯಾಗಿದ್ದರೆ ಈ ಆಟ ಬೇಡ, ಉಂಗುರ ಕತ್ತರಿಸಿಬಿಡಬೇಕು. ಚಿನ್ನವನ್ನ ಪತ್ತಾರರು ಮತ್ತೆ ಬೆಸೀತಾರೆ.

ಸಲಹೆಗಳಿಗಂತೂ ಬರವಿಲ್ಲ. ಉಪ್ಪು ಪೂರ್ತಿ ಬಿಡು, ನೀರು ಕಡಿಮೆ ಕುಡಿ... ಎರಡೂ ಬೇಡ ಅಂದ್ರು ಡಾಕ್ಟರು. ಉಪ್ಪಿನಕಾಯಿ, ಹಪ್ಪಳ ಹಿತಮಿತವಾಗಿರಲಿ, ನೀರು ಮಾತ್ರ ಚೆನ್ನಾಗಿ ಕುಡೀರಿ ಅಂದ್ರು.

"ಬಸರಿದ್ದಾಗ ಕೈಕಾಲ ಬಾಯೂದ ಹೊಸಾದೇನಲ್ಲ ಬಿಡವಾ. ಬೆರಳು ಬಾತಾವ, ಅಷ್ಟ" ಅಂತ ಆಯಿ ಅಂದಳು. ನಿಜಾನೇ. ಬಹಳಷ್ಟು ಬಸುರಿಯರಿಗೆ ಇದು ಬಾವು ಅಷ್ಟೇ. ಆದರೆ ಅದೇ ಆಯಿ ಇನ್ನೊಂದು ದಿನ ಶೇಂಗಾ ಸುಲೀತಾ ತನ್ನ ತಂಗಿಯ ಕತೆ ಹೇಳಿದಳು. "ಆಕಿಗೂ ಹಿಂಗ ಕೈ ಬಾತಿದ್ವು, ಮಾರಿನೂ ಉಬ್ಬಿತ್ತು. ತಲಿ ಸಿಡೀತೈತಿ ಅಂತಿದ್ಲು. ಒಂದಿನ ಕೈಕಾಲ ಸೆಟದು ಬಿದ್ದಳು. ಗಾಳಿ ಆಗೈತಿ ಅಂತ ತಾಯತ ಕಟ್ಟಿಸಿದ್ರು." ಮುಂದೆ ಹೇಳಲಿಲ್ಲ. ಹೇಳೋದು ಬೇಕಾಗಿಯೂ ಇರಲಿಲ್ಲ.

ಆ ಗಾಳಿಗೆ ಡಾಕ್ಟರ ಭಾಷೆಯಲ್ಲಿ ಎಕ್ಲಾಂಪ್ಸಿಯ ಅಂತ ಹೆಸರು. ಅದಕ್ಕಿಂತ ಮುಂಚಿನ ಹಂತ ಪ್ರಿಎಕ್ಲಾಂಪ್ಸಿಯ. 20 ವಾರ ದಾಟಿದ ಮೇಲೆ ಬಿ.ಪಿ. 140/90 ಅಥವಾ ಅದಕ್ಕೂ ಮೇಲೆ ಹೋಗೋದು, ಮೂತ್ರದಲ್ಲಿ ಪ್ರೋಟೀನು ಬರೋದು ಅದರ ಗುರುತು. ಮೊದಲೆಲ್ಲ ಬಾವನ್ನೂ ಅದರ ಲಕ್ಷಣ ಅಂತ ಲೆಕ್ಕ ಹಿಡೀತಿದ್ದರು. ಈಗ ಆ ವ್ಯಾಖ್ಯೆಯಿಂದ ತೆಗೆದಿದ್ದಾರೆ. ಯಾಕಂದ್ರೆ ಕಾಯಿಲೆ ಇಲ್ಲದವರಿಗೂ ಬಾವು ಬರುತ್ತೆ, ಬಾವಿಲ್ಲದವರಿಗೂ ಕಾಯಿಲೆ ಬರುತ್ತೆ. ಅಂದ್ರೆ ಆಯಿಯ ತಂಗಿಯ ಬೆರಳನ್ನೂ ನನ್ನ ಬೆರಳನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಏನೂ ತಿಳೀತಿರಲಿಲ್ಲ. ವ್ಯತ್ಯಾಸ ಗೊತ್ತಾಗೋದು ಬಿ.ಪಿ. ಪಟ್ಟಿಯಲ್ಲಿ ಮತ್ತು ಮೂತ್ರದ ಪರೀಕ್ಷೆಯಲ್ಲಿ.

ಹಾಗಂತ ಬಾವನ್ನ ನಿರ್ಲಕ್ಷಿಸೋ ಹಾಗೂ ಇಲ್ಲ. ಮುಖ, ಕೈ ದಿಢೀರ್ ಅಂತ ಬಾತರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಹೊಟ್ಟೆಯ ಮೇಲ್ಭಾಗದಲ್ಲಿ ಬಲಕ್ಕೆ ನೋವು ಬಂದರೆ, ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕಾಯಬಾರದು.

ಒಂದು ರಾತ್ರಿ ನನಗೂ ಜೋರು ತಲೆನೋವು. ಕೈ ಇನ್ನಷ್ಟು ಬಾತಿದ್ದವು. "ಮುಂಜಾನೆ ಹೋಗೂಣಂತ" ಅಂತ ಅವ್ವ ಅನ್ನೋಷ್ಟರಲ್ಲಿ ಆಯಿ ಎದ್ದು ಕೂತಿದ್ದಳು. "ಮುಂಜಾನಿ ಗಿಂಜಾನಿ ಇಲ್ಲ. ಗಾಡಿ ತಗೀರಿ" ಅಂದಳು. ಅಪ್ಪ ಹುಬ್ಬಳ್ಳಿ ದಾರಿ ಹಿಡಿದ. ನಲವತ್ತು ಕಿಲೋಮೀಟರಿನಷ್ಟು ಕಪ್ಪು ಎರೆಹೊಲಗಳ ನಡುವೆ ಯಾರೂ ಮಾತಾಡಲಿಲ್ಲ. ಅಲ್ಲಿ ನೋಡಿದರೆ 124/80, ಮೂತ್ರದಲ್ಲಿ ಪ್ರೋಟೀನು ಇಲ್ಲ. ಕೆಲವು ಗಂಟೆ ಬಿಟ್ಟು ಮತ್ತೆ ನೋಡಿ ಕಳಿಸಿದರು. "ಸುಮ್ನೆ ಬಂದ್ವೇನೋ" ಅಂದೆ. "ಹಿಂಗ ಸುಮ್ನ ಬರೋರೇ ಬೇಕ್ರಿ ನಮಗ" ಅಂದರು ಡ್ಯೂಟಿ ಡಾಕ್ಟರು.

ನಮ್ಮ ಪಕ್ಕದ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಇದರ ಮೇಲೇ ಒಂದು ದೊಡ್ಡ ಪ್ರಯೋಗ ನಡೆದಿದೆ. 2014ರಿಂದ 2016ರವರೆಗೆ, ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಕಾಲೇಜಿನವರು ನಡೆಸಿದ 'ಕ್ಲಿಪ್' ಅನ್ನೋ ಅಧ್ಯಯನ. ಆರೋಗ್ಯ ಕಾರ್ಯಕರ್ತೆಯರ ಕೈಗೆ ಬಿ.ಪಿ. ಯಂತ್ರ ಮತ್ತು ಒಂದು ಆಪ್ ಕೊಟ್ಟಿದ್ದರು. ಪಾಕಿಸ್ತಾನ, ಮೊಜಾಂಬಿಕ್‌ನಲ್ಲೂ ನಡೆಯಿತು. 2020ರಲ್ಲಿ ಫಲಿತಾಂಶ ಪ್ರಕಟವಾದಾಗ, ಒಟ್ಟಾರೆ ಸಾವುನೋವು ಇಳಿದಿರಲಿಲ್ಲ. ಆದರೆ ಎಂಟು ಅಥವಾ ಹೆಚ್ಚು ಬಾರಿ ಭೇಟಿ ಸಿಕ್ಕ ಬಸುರಿಯರಿಗೆ ಲಾಭ ಆದ ಸೂಚನೆ ಇತ್ತು. ಆಪ್ ಬರೆದು ಹೊಟ್ಟೆ ಹೊರೆಯೋ ನನ್ನಂಥವರಿಗೆ ಇದು ಒಳ್ಳೇ ಪಾಠ. ಆಪ್ ಇದ್ದರೆ ಸಾಲದು, ಮನೆ ಬಾಗಿಲಿಗೆ ಮತ್ತೆ ಮತ್ತೆ ಬರೋ ಒಬ್ಬ ಅಕ್ಕ ಬೇಕು.

ನಮ್ಮೂರ ಆಶಾ ಅಕ್ಕ ಬರ್ತಾರೆ. ತಾಯಿ ಕಾರ್ಡು ತೆಗೆಸಿ ನೋಡ್ತಾರೆ. ಪ್ರತಿ ತಿಂಗಳು 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತೆ, 2016ರಲ್ಲಿ ಶುರುವಾದ ಯೋಜನೆ. ನನ್ನಂತೆ ಮನೆಯಲ್ಲೇ ಯಂತ್ರ ಇಟ್ಟುಕೊಂಡವರು ಐದು ನಿಮಿಷ ಸುಮ್ಮನೆ ಕೂತು, ತೋಳನ್ನ ಎದೆಯ ಮಟ್ಟಕ್ಕೆ ಇಟ್ಟು ನೋಡಬೇಕು. ಬರೆದಿಡಬೇಕು. ಹೆರಿಗೆ ಆಯ್ತು ಅಂತ ಯಂತ್ರ ಒಳಗಿಡೋ ಹಾಗಿಲ್ಲ. ಈ ಕಾಯಿಲೆ ಬಾಣಂತನದ ಮೊದಲ ಆರು ವಾರದಲ್ಲೂ ಬರಬಹುದು. ಹಾಗಾಗಿ ಅಂಟಿನುಂಡಿ ಡಬ್ಬಿಯ ಪಕ್ಕದಲ್ಲೇ ಅದಕ್ಕೂ ಜಾಗ ಮಾಡಿದೀನಿ.

ಕಲಘಟಗಿ ತೊಟ್ಟಿಲಿಗೆ ಅಪ್ಪ ಆಗಲೇ ಹೇಳಿ ಬಂದಿದ್ದಾನೆ. ನಿಮ್ಮನೇಲಿ ಯಾರಾದರೂ ಬಸುರಿ ಇದ್ದರೆ "ಎಷ್ಟು ತಿಂಗಳು?" ಅಂತ ಕೇಳಿದ ಮೇಲೆ "ಬಿ.ಪಿ. ಎಷ್ಟು?" ಅಂತಾನೂ ಕೇಳಿ. ಆಯಿ ಈಗ ದಿನಾ ಕೇಳ್ತಾಳೆ.