ಯೆಜ್ಡಿಯ ಕ್ಲಚ್ಚು, ಅಜ್ಜಯ್ಯನ ಎಡಗೈ

ಕುಪ್ಪಳ್ಳಿಗೆ ಹೋಗಿ ಬಂದವರು ಸಾಮಾನ್ಯವಾಗಿ ಕವಿಮನೆ, ಕವಿಶೈಲ, ಅಲ್ಲಿನ ಸೂರ್ಯಾಸ್ತದ ಬಗ್ಗೆ ಬರೀತಾರೆ. ಅದನ್ನೆಲ್ಲ ನಾವೂ ನೋಡಿದ್ವಿ. ಆದ್ರೆ ದಸರಾ ರಜೆಯಲ್ಲಿ ಅಲ್ಲಿದ್ದ ಮೂರು ದಿನದಲ್ಲಿ ಎರಡು ದಿನ ಹೋಗಿದ್ದು ಒಂದು ಕ್ಲಚ್ ಲಿವರ್‌ಗೆ. ಹಾಗಾಗಿ ಬರೆಯೋದೂ ಅದರ ಬಗ್ಗೆಯೇ.

ನಮ್ಮ ನಾಲ್ವರಲ್ಲಿ ಒಬ್ಬನ ಅಜ್ಜಯ್ಯನ ಮನೆ ಕುಪ್ಪಳ್ಳಿ ಹತ್ತಿರ. ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಅವರ ಯೆಜ್ಡಿ 250 ನಿಂತಿದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಚೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಅಲ್ಲಿ 1961ರಿಂದ ತಯಾರಿಸೋಕೆ ಶುರುಮಾಡಿದರು, ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯ್ತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಈಗ ಶೋರೂಮಲ್ಲಿ ಸಿಗೋ ಯೆಜ್ಡಿ 2022ರಲ್ಲಿ ಬಂದದ್ದು. ಹೆಸರು ಒಂದೇ, ಬಿಡಿಭಾಗ ಬೇರೆ.

ಅಜ್ಜಯ್ಯನಿಗೆ ಎಪ್ಪತ್ತೆಂಟು. ಎಡಗೈ ಬೆರಳಲ್ಲಿ ಶಕ್ತಿ ಇಲ್ಲ, ಕ್ಲಚ್ ಹಿಡಿಯೋಕಾಗಲ್ಲ, ಇನ್ನು ಗಾಡಿ ಕೊಟ್ಟುಬಿಡೋಣ ಅಂತ ಮನೆಯಲ್ಲಿ ತೀರ್ಮಾನ ಆಗಿತ್ತು. ಶಿವಮೊಗ್ಗದಿಂದ ಒಬ್ಬರು ಬಂದು ನೋಡಿಕೊಂಡೂ ಹೋಗಿದ್ದರು. ಅಜ್ಜಯ್ಯ ವಾದ ಮಾಡಿರಲಿಲ್ಲ. "ಕೈ ಸೋತದ್ದು ಹೌದು ಮಾರಾಯ" ಅಂದರು ನಮ್ಮತ್ರ.

ಕೊಡೋಕೆ ಮುಂಚೆ ಒಂದು ರೌಂಡ್ ಹೊಡೆಯೋಣ ಅಂತ ನಾವು ಗಾಡಿ ಹೊರಗೆ ತೆಗೆದ್ವಿ. ಲಿವರ್ ಹಿಡಿಗೆ ತಾಗೋವರೆಗೆ ಎಳೆದರೂ ಫಸ್ಟ್ ಗೇರಲ್ಲಿ ಗಾಡಿ ಮುಂದಕ್ಕೆ ತೆವಳ್ತಿತ್ತು. ನ್ಯೂಟ್ರಲ್ ಸಿಗ್ತಿರಲಿಲ್ಲ. ಹತ್ತೊಂಬತ್ತು ವರ್ಷದ ನಾಲ್ಕು ಎಡಗೈಗಳಿಗೂ ಅದೇ ಕತೆ. ಹಾಗಾದ್ರೆ ಸೋತಿದ್ದು ಅಜ್ಜಯ್ಯನ ಕೈ ಒಂದೇ ಅಲ್ವಲ್ಲ!

ಲಿವರಿನ ತುದಿ ಹಿಡಿದು ಅಲ್ಲಾಡಿಸಿದ್ರೆ ಮೇಲೆ ಕೆಳಗೆ ಆಡ್ತಿತ್ತು. ಬೋಲ್ಟ್ ಬಿಚ್ಚಿದ್ವಿ. ದುಂಡಗಿರಬೇಕಾದ ತೂತು ಮೊಟ್ಟೆ ಆಕಾರಕ್ಕೆ ಬಂದಿತ್ತು, ಒಂದು ಕಡೆ ಸುಮಾರು 1 ಮಿ.ಮೀ. ಸವೆದಿತ್ತು. ಕಾರಣ ಬೋಲ್ಟ್‌ನಲ್ಲೇ ಇತ್ತು. ಹಿಂದೆ ಯಾವಾಗಲೋ ಯಾರೋ ತುದಿಯಿಂದ ತಲೆವರೆಗೂ ಥ್ರೆಡ್ ಇರೋ ಬೋಲ್ಟ್ ಹಾಕಿದ್ದರು. ಲಿವರ್ ಅಲ್ಯೂಮಿನಿಯಂ, ಬೋಲ್ಟ್ ಸ್ಟೀಲು. ಪ್ರತಿ ಸಲ ಕ್ಲಚ್ ಹಿಡಿದಾಗಲೂ ಥ್ರೆಡ್ಡು ಅರದ ಹಾಗೆ ತೂತನ್ನ ಉಜ್ಜಿದೆ.

ಒಂದು ಮಿ.ಮೀ. ಏನು ಮಹಾ ಅನ್ನಿಸಬಹುದು. ಅಳೆದು ನೋಡಿದ್ವಿ. ಬೋಲ್ಟಿನಿಂದ ಕೇಬಲ್ ತುದಿ ಕೂರೋ ಜಾಗಕ್ಕೆ ಸುಮಾರು 25 ಮಿ.ಮೀ., ಬೆರಳು ಎಳೆಯೋ ಜಾಗಕ್ಕೆ ಸುಮಾರು 125. ಅಂದ್ರೆ ಐದು ಪಟ್ಟು. ಬೋಲ್ಟ್ ಹತ್ತಿರದ 1 ಮಿ.ಮೀ. ಸಡಿಲ ಬೆರಳ ತುದಿಗೆ 5 ಮಿ.ಮೀ. ಆಗುತ್ತೆ, ಅಷ್ಟು ದೂರ ಎಳೆದದ್ದು ಕೇಬಲ್‌ಗೆ ಮುಟ್ಟೋದೇ ಇಲ್ಲ. ಅದನ್ನ ಸರಿದೂಗಿಸೋಕೆ ಅಡ್ಜಸ್ಟರ್ ತಿರುಗಿಸಿ ತಿರುಗಿಸಿ ಕೊನೆ ಸುತ್ತಿಗೆ ಬಂದಿತ್ತು. ಮೇಲಿಂದ ಲಿವರ್ ವಾಲ್ತಿದ್ದರಿಂದ ಕೇಬಲ್ ಪ್ರತಿ ಸಲ ಬಾಗಿ, ತುದಿಯಲ್ಲಿ ಎರಡು ಎಳೆ ಕಿತ್ತಿತ್ತು. ಇದು ನಮಗೆ ನಿಜಕ್ಕೂ ಭಯ ಆದ ವಿಷಯ. ಮಲೆನಾಡಿನ ಏರಲ್ಲಿ, ಹಿಂದೆ ಬಸ್ ಇರುವಾಗ ಕೇಬಲ್ ಕಿತ್ತರೆ?

ಇಷ್ಟು ವರ್ಷ ಇದು ಯಾರಿಗೂ ಗೊತ್ತಾಗದೇ ಇದ್ದದ್ದಕ್ಕೆ ಯೆಜ್ಡಿಯ ಜಾಣತನವೇ ಕಾರಣ ಅಂತ ನಮ್ಮ ಅನುಮಾನ. ಈ ಗಾಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಗೇರ್ ಒತ್ತಿದ್ರೆ ಒಳಗಡೆ ಕ್ಲಚ್ ತಾನೇ ಬಿಡುತ್ತೆ, ಓಡುವಾಗ ಕೈ ಹಾಕದೇ ಗೇರ್ ಬದಲಿಸಬಹುದು. ಅಜ್ಜಯ್ಯ ಕಾಲಲ್ಲೇ ಸಂಭಾಳಿಸಿಕೊಂಡು ಬಂದಿದ್ದಾರೆ. ಆದ್ರೆ ನಿಂತ ಗಾಡಿ ನಯವಾಗಿ ಹೊರಡಬೇಕಾದ್ರೆ ಕೈ ಬೇಕೇ ಬೇಕು.

ಹೊಸ ಲಿವರ್ ಕೊಳ್ಳಬಹುದಿತ್ತು. ಆದ್ರೆ ಅದನ್ನ ಹಿಡಿಯೋ ಬ್ರ್ಯಾಕೆಟ್ಟಿನ ತೂತೂ ಸವೆದಿದ್ದರಿಂದ ಹೊಸದೂ ಆಡೋದೇ. ಎರಡನ್ನೂ ಬಿಚ್ಚಿಕೊಂಡು ತೀರ್ಥಹಳ್ಳಿಯ ಬಸ್ ಹತ್ತಿದ್ವಿ. ಲೇತ್ ಅಂಗಡಿಯವರು ಲಿವರಿನ ತೂತನ್ನ ದೊಡ್ಡದು ಮಾಡಿ, ರೀಮರ್ ಆಡಿಸಿ, ಗನ್‌ಮೆಟಲ್ ಬುಶ್ ತಿರುವಿ ಒತ್ತಿ ಕೂರಿಸಿದರು. ಬ್ರ್ಯಾಕೆಟ್ಟಿನ ತೂತನ್ನೂ ದುಂಡಗೆ ಮಾಡಿ, ಅದಕ್ಕೆ ಸರಿಹೊಂದುವಂತೆ ಮೈ ನುಣುಪಾಗಿರೋ, ತುದಿಯಲ್ಲಿ ಮಾತ್ರ ಥ್ರೆಡ್ ಇರೋ ಬೋಲ್ಟ್ ಮಾಡಿಕೊಟ್ಟರು. ಸ್ಟೀಲೇ ಯಾಕಲ್ಲ ಅಂತ ನಾವು ಕೇಳಿದ್ದಕ್ಕೆ, "ಎರಡರಲ್ಲಿ ಒಂದು ಸವೀಬೇಕಲ್ಲ, ಬದಲಾಯಿಸೋಕೆ ಸುಲಭ ಇರೋದು ಸವೀಲಿ" ಅಂದರು. ಮೆಟೀರಿಯಲ್ಸ್ ಪೇಪರಿನ ಒಂದು ಯೂನಿಟ್ಟು ಆ ಒಂದು ವಾಕ್ಯದಲ್ಲಿ ಮುಗೀತು. ಬರುವಾಗ ಹೊಸ ಕೇಬಲ್ಲನ್ನೂ ತಂದ್ವಿ.

ಜೋಡಿಸುವಾಗ ಮೇಲೆ ಕೆಳಗಿನ ಆಟಕ್ಕೆ ತೆಳು ಹಿತ್ತಾಳೆ ವಾಷರ್, ಬುಶ್ ಒಳಗೆ ಸ್ವಲ್ಪ ಗ್ರೀಸ್. ಲಿವರಿಗೆ 2-3 ಮಿ.ಮೀ. ಸಡಿಲ ಬಿಟ್ಟು ಅಡ್ಜಸ್ಟರ್ ಲಾಕ್ ಮಾಡಿದ್ವಿ. ಪೂರ್ತಿ ಬಿಗಿ ಮಾಡಿದ್ರೆ ಯಾವಾಗಲೂ ಅರ್ಧ ಕ್ಲಚ್ ಹಿಡಿದ ಹಾಗಾಗಿ ಪ್ಲೇಟು ಸುಡುತ್ತೆ.

ಅಜ್ಜಯ್ಯ ಲಿವರನ್ನ ಎರಡು ಸಲ ಹಿಡಿದು ಬಿಟ್ಟು ನೋಡಿದರು. ಏನೂ ಹೇಳಲಿಲ್ಲ. ಕಿಕ್ ಹೊಡೆದು, ಮನೆ ಮುಂದಿನ ಏರಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದ ಹಾಗೆ ಹೊರಟು, ಗಡಿಕಲ್ಲಿನವರೆಗೆ ಹೋಗಿ ಪೇಪರ್ ತಗೊಂಡು ಬಂದರು. ಅಷ್ಟರಲ್ಲಿ ಅಜ್ಜಮ್ಮ ನಾಲ್ಕು ಸಲ ಗೇಟಿಗೆ ಬಂದು ಹೋಗಿದ್ದರು.

ಗೆಳೆಯನ ಮಾವ ಸಂಜೆ ಶಿವಮೊಗ್ಗದವರಿಗೆ ಫೋನ್ ಮಾಡಿ "ಈಗ ಬೇಡ" ಅಂದರು. ಕೊಡೋದೇ ಇಲ್ಲ ಅಂತ ಅನ್ನಲಿಲ್ಲ. ಮಳೆಗಾಲದಲ್ಲಿ ತೆಗೆಯಬಾರದು, ಗಡಿಕಲ್ಲು ದಾಟಬಾರದು ಅಂತ ಅಜ್ಜಯ್ಯನಿಗೆ ಎರಡು ಕರಾರು ಹಾಕಿದರು. ಅಜ್ಜಯ್ಯ ಪೇಪರ್ ಓದ್ತಾ ಇದ್ದರು. ಹೂಂ ಅಂದದ್ದಂತೂ ನಮಗೆ ಕೇಳಿಸಲಿಲ್ಲ.