ಜ್ಞಾನದ ಹಂಚಿಕೆ ಮತ್ತು ಬರೆದವರ ಹಕ್ಕು

ಜ್ಞಾನವನ್ನು ಬಚ್ಚಿಡುವುದು ಇಸ್ಲಾಮಿನಲ್ಲಿ ದೊಡ್ಡ ಪಾಪ. ತನಗೆ ತಿಳಿದುದನ್ನು ಕೇಳಿ ಬಂದವರಿಗೆ ಹೇಳದೆ ಮುಚ್ಚಿಟ್ಟವನಿಗೆ ಅಂತ್ಯದಿನದಂದು ಬೆಂಕಿಯ ಕಡಿವಾಣ ತೊಡಿಸಲಾಗುವುದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಮನುಷ್ಯನು ಸತ್ತ ಬಳಿಕವೂ ಅವನಿಗೆ ಪುಣ್ಯ ತಲುಪಿಸುತ್ತಲೇ ಇರುವ ಮೂರು ಕರ್ಮಗಳಲ್ಲಿ ಜನರಿಗೆ ಪ್ರಯೋಜನವಾಗುವ ಜ್ಞಾನವೂ ಒಂದು. ಆದರೆ ಅದೇ ಪ್ರವಾದಿವರ್ಯರು(ಸ) ಪರರ ಸೊತ್ತು ಅವರ ಮನಃಪೂರ್ವಕ ಸಮ್ಮತಿಯಿಲ್ಲದೆ ನಮಗೆ ಹಲಾಲ್ ಆಗದೆಂದೂ ಕಲಿಸಿದ್ದಾರೆ. ಪವಿತ್ರ ಕುರ್‌ಆನ್ ಕೂಡ ಒಬ್ಬರು ಮತ್ತೊಬ್ಬರ ಸಂಪತ್ತನ್ನು ಅನ್ಯಾಯವಾಗಿ ಕಬಳಿಸುವುದನ್ನು ನಿಷೇಧಿಸಿ, ಪರಸ್ಪರ ಸಮ್ಮತಿಯ ವ್ಯವಹಾರವನ್ನು ಮಾತ್ರ ಅನುಮತಿಸಿದೆ. ಈ ಎರಡು ಬೋಧನೆಗಳು ಇಂದು ನಮ್ಮೆಲ್ಲರ ಅಂಗೈಯ ಮೊಬೈಲಿನಲ್ಲಿ ಮುಖಾಮುಖಿಯಾಗಿವೆ.

ಮದ್ರಸದ ಬೋಧನೆಯಲ್ಲಿ ಎರಡು ದಶಕಗಳನ್ನು ಕಳೆದಿರುವ ನಮಗೆ ಕಿತಾಬಿನ ಕೊರತೆ ಎಂದರೇನೆಂದು ಗೊತ್ತು. ನಾವು ದರ್ಸಿನಲ್ಲಿ ಕಲಿಯುತ್ತಿದ್ದಾಗ ಒಂದೇ ಪ್ರತಿಯ ಸುತ್ತ ನಾಲ್ವರು ಮುತಅಲ್ಲಿಮರು ಕುಳಿತು ಓದಿದ್ದುಂಟು. ಉಸ್ತಾದರ ವಿವರಣೆಯನ್ನು ರಾತ್ರಿ ಎಚ್ಚರವಿದ್ದು ನೋಟ್ ಪುಸ್ತಕಕ್ಕೆ ಇಳಿಸಿಕೊಂಡದ್ದುಂಟು. ಮುಂದೆ ಕನ್ನಡದಲ್ಲಿ ಬಿ.ಎ. ಓದುವಾಗ ಗ್ರಂಥಾಲಯದ ಪುಸ್ತಕಕ್ಕಾಗಿ ವಾರಗಟ್ಟಲೆ ಸರದಿ ಕಾದದ್ದೂ ಉಂಟು. ಅಂದಿನ ಗುರುಗಳ ಇಡೀ ಕಪಾಟು ಇಂದು ಒಬ್ಬ ಬಾಲಕನ ಮೊಬೈಲಿನಲ್ಲಿ ಅಡಗಿ ಕುಳಿತಿದೆ. ಇದು ಅಲ್ಲಾಹನ ದೊಡ್ಡ ಅನುಗ್ರಹ. ಅದನ್ನು ಅಲ್ಲಗಳೆಯುವವರು ನಾವಲ್ಲ. ಅನುಗ್ರಹ ದೊಡ್ಡದಾದಷ್ಟೂ ಅದರ ಲೆಕ್ಕವೂ ದೊಡ್ಡದಾಗಿರುತ್ತದೆ ಎಂಬುದನ್ನು ಮಾತ್ರ ಇಲ್ಲಿ ನೆನಪಿಸಬಯಸುತ್ತೇವೆ.

ಇತ್ತೀಚೆಗೆ ವಿದ್ಯಾರ್ಥಿಯೊಬ್ಬನ ತಂದೆ ನಮ್ಮನ್ನು ಕೇಳಿದರು: "ಉಸ್ತಾದರೇ, ದೀನಿನ ಪುಸ್ತಕದ ಪಿಡಿಎಫ್ ಗ್ರೂಪಿಗೆ ಹಾಕಿದರೆ ಪುಣ್ಯವೇ ಅಲ್ಲವೇ? ನಾವೇನು ಮಾರುತ್ತೇವೆಯೇ?" ಅವರ ಪ್ರಶ್ನೆಯಲ್ಲಿ ಕಪಟವಿರಲಿಲ್ಲ. ನಮ್ಮ ಸಮುದಾಯದ ಬಹುತೇಕರ ಮನಸ್ಸಿನಲ್ಲಿರುವುದನ್ನೇ ಅವರು ಬಾಯಿಬಿಟ್ಟು ಕೇಳಿದ್ದರು. ಉತ್ತರಕ್ಕೆ ಬದಲಾಗಿ ನಾವು ಅವರಿಗೆ ನಮ್ಮ ಸಹಪಾಠಿಯೊಬ್ಬರ ಕಥೆ ಹೇಳಿದೆವು.

ಆ ಸಹಪಾಠಿ ಒಂದು ಸಣ್ಣ ಊರಿನ ಮಸೀದಿಯಲ್ಲಿ ಇಮಾಮರು. ಝಕಾತ್ ಮತ್ತು ವಾರಸು ಹಕ್ಕಿನ ಬಗ್ಗೆ ಕನ್ನಡದಲ್ಲಿ ಸರಳವಾದ ಪುಸ್ತಕವಿಲ್ಲವೆಂಬ ಕೊರಗಿನಿಂದ ಅರಬಿ ಗ್ರಂಥವೊಂದನ್ನು ಅನುವಾದಿಸಲು ತೊಡಗಿದರು. ಇಶಾ ನಮಾಝಿನ ಬಳಿಕ ದಿನಕ್ಕೆ ಒಂದು ಪುಟ, ಎರಡು ಪುಟ. ಹೀಗೆ ನಾಲ್ಕು ವರ್ಷಗಳು ಸಂದವು. ಮುದ್ರಣಕ್ಕೆ ಸಾಲ ಮಾಡಿ ಒಂದು ಸಾವಿರ ಪ್ರತಿಗಳನ್ನು ಅಚ್ಚು ಹಾಕಿಸಿದರು. ಪುಸ್ತಕ ಹೊರಬಂದು ಎರಡು ತಿಂಗಳಾಗುವಷ್ಟರಲ್ಲಿ ಯಾರೋ ಅದನ್ನು ಸ್ಕ್ಯಾನ್ ಮಾಡಿ ಹರಿಯಬಿಟ್ಟರು. "ಮಾಶಾ ಅಲ್ಲಾಹ್, ನಿಮ್ಮ ಪುಸ್ತಕ ದುಬೈಯಲ್ಲಿಯೂ ಓದುತ್ತಿದ್ದಾರೆ" ಎಂದು ಜನ ಅವರನ್ನು ಅಭಿನಂದಿಸಿದರು. ಪ್ರತಿಗಳ ಕಟ್ಟುಗಳು ಮಾತ್ರ ಅವರ ಮನೆಯ ಮಂಚದಡಿಯಲ್ಲಿಯೇ ಉಳಿದವು. ಸಾಲ ತೀರಿಸಲು ಅವರಿಗೆ ಮೂರು ವರ್ಷ ಬೇಕಾಯಿತು. ಎರಡನೆಯ ಭಾಗದ ಹಸ್ತಪ್ರತಿ ಸಿದ್ಧವಿದೆ. ಅಚ್ಚು ಹಾಕಿಸುವ ಧೈರ್ಯ ಅವರಿಗಿಲ್ಲ.

ಇನ್ನೊಂದು ಹಾನಿಯೂ ಇದೆ. ಆ ಸ್ಕ್ಯಾನಿನಲ್ಲಿ ಎರಡು ಪುಟಗಳು ಬಿಟ್ಟುಹೋಗಿದ್ದವು. ಸಾಲದಲ್ಲಿರುವವನ ಝಕಾತಿನ ಲೆಕ್ಕ ಆ ಪುಟಗಳಲ್ಲಿತ್ತು. ಮೊದಲ ಪುಟವನ್ನು, ಅಂದರೆ ಅನುವಾದಕರ ಹೆಸರಿದ್ದ ಪುಟವನ್ನು, ಹಂಚುವ ದಾರಿಯಲ್ಲಿ ಯಾರೋ ಕತ್ತರಿಸಿದ್ದರು. ಹೀಗಾಗಿ ಓದಿದವನಿಗೆ ಸಂಶಯ ಬಂದರೆ ಯಾರನ್ನು ಕೇಳಬೇಕೆಂಬುದೂ ತಿಳಿಯದಂತಾಯಿತು. ಹದೀಸನ್ನು ಸನದ್ ಇಲ್ಲದೆ ಸ್ವೀಕರಿಸದ ಪರಂಪರೆ ನಮ್ಮದು. ಯಾರಿಂದ ಬಂತು, ಅವರು ಯಾರಿಂದ ಕೇಳಿದರು ಎಂದು ಸರಪಳಿಯ ಒಂದೊಂದು ಕೊಂಡಿಯನ್ನೂ ಪರೀಕ್ಷಿಸಿದ ಸಮುದಾಯವು ಇಂದು ಹೆಸರಿಲ್ಲದ, ಪುಟ ಕಳೆದುಹೋದ ಕಡತಗಳಿಂದ ಮಸ್‌ಅಲಗಳನ್ನು ಕಲಿಯುತ್ತಿರುವುದು ದುಃಖದ ಸಂಗತಿ.

ಇನ್ನು ನಮ್ಮ ನಾಡಿನ ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. ಭಾರತದ ಕೃತಿಸ್ವಾಮ್ಯ ಕಾಯ್ದೆಯು 1957ರಲ್ಲಿ ರೂಪುಗೊಂಡು 1958ರ ಜನವರಿಯಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕೃತಿಯ ಹಕ್ಕು ಲೇಖಕರ ಜೀವಿತಾವಧಿಯಲ್ಲಿಯೂ ಅವರು ನಿಧನರಾದ ಮರುವರ್ಷದಿಂದ ಎಣಿಸಿ 60 ವರ್ಷಗಳವರೆಗೂ ಇರುತ್ತದೆ. ಈ ಹಕ್ಕು ಪಡೆಯಲು ನೋಂದಣಿ ಕಡ್ಡಾಯವಲ್ಲ. ಬರೆದೊಡನೆಯೇ ಅದು ಬರೆದವರದ್ದು. ಸಂತ ಶಿಶುನಾಳ ಶರೀಫರು 1889ರಲ್ಲಿ ನಿಧನರಾದವರು. ಅವರ ತತ್ವಪದಗಳು ಇಂದು ಎಲ್ಲರ ಸೊತ್ತು. 1938ರಲ್ಲಿ ನಿಧನರಾದ ಅಲ್ಲಾಮಾ ಇಕ್ಬಾಲರ ಮೂಲ ಕೃತಿಗಳೂ ನಮ್ಮ ದೇಶದಲ್ಲಿ ಮುಕ್ತವಾಗಿವೆ. ಆದರೆ 2020ರಲ್ಲಿ ನಮ್ಮನ್ನಗಲಿದ ಕೆ.ಎಸ್. ನಿಸಾರ್ ಅಹಮದರ ಕವಿತೆಗಳ ಹಕ್ಕು 2080ರ ಕೊನೆಯವರೆಗೆ ಅವರ ವಾರಸುದಾರರದ್ದೋ ಅವರಿಂದ ಹಕ್ಕು ಪಡೆದವರದ್ದೋ ಆಗಿರುತ್ತದೆ.

"ನಾವು ಮಾರುವುದಿಲ್ಲ" ಎಂಬ ಮಾತು ಕಾನೂನಿನ ಮುಂದೆ ಪೂರ್ಣ ಸಮಾಧಾನವಲ್ಲ. ತಿಳಿದೂ ಹಕ್ಕನ್ನು ಉಲ್ಲಂಘಿಸಿದವರಿಗೆ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನು ಕಾಯ್ದೆ ವಿಧಿಸುತ್ತದೆ. ವ್ಯಾಪಾರದ ಲಾಭಕ್ಕಾಗಿ ಮಾಡದಿದ್ದರೆ ನ್ಯಾಯಾಲಯವು ಕಾರಣ ದಾಖಲಿಸಿ ಶಿಕ್ಷೆಯನ್ನು ಕಡಿಮೆ ಮಾಡಬಹುದು. ಆದರೆ ತಪ್ಪು ತಪ್ಪಾಗಿಯೇ ಉಳಿಯುತ್ತದೆ.

ಹಾಗೆಂದು ಕಾನೂನು ಕಲಿಯುವವನ ಬಾಗಿಲನ್ನು ಮುಚ್ಚಿಲ್ಲ. ಸ್ವಂತ ಅಧ್ಯಯನ ಮತ್ತು ಸಂಶೋಧನೆಗಾಗಿ ನ್ಯಾಯಯುತ ಪ್ರಮಾಣದಲ್ಲಿ ನಕಲು ಮಾಡಿಕೊಳ್ಳಬಹುದು. ವಿಮರ್ಶೆ ಬರೆಯುವಾಗ ಕೃತಿಯ ಸಾಲುಗಳನ್ನು ಉದ್ಧರಿಸಬಹುದು. ಪಾಠ ಹೇಳುವ ಸಂದರ್ಭದಲ್ಲಿ ಗುರುವಾಗಲಿ ಶಿಷ್ಯನಾಗಲಿ ಬೇಕಾದ ಭಾಗವನ್ನು ಪ್ರತಿ ಮಾಡಿಕೊಳ್ಳಬಹುದು. ದೊಡ್ಡ ವಿದೇಶಿ ಪ್ರಕಾಶಕರು ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯ ಮೇಲೆ ಹೂಡಿದ್ದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಈ ವಿನಾಯಿತಿಯನ್ನು ವಿಶಾಲವಾಗಿಯೇ ಅರ್ಥೈಸಿತು. ಬೋಧನೆಗೆ ಅಗತ್ಯವಿರುವ ಭಾಗಗಳನ್ನು ನಕಲು ಮಾಡಿ ವಿದ್ಯಾರ್ಥಿಗಳಿಗೆ ಕೊಡುವುದು ಉಲ್ಲಂಘನೆಯಲ್ಲವೆಂದು ಹೇಳಿತು. 2012ರ ತಿದ್ದುಪಡಿಯು ಅಂಧರು ಮತ್ತಿತರ ವಿಕಲಚೇತನರು ಓದಲು ಅನುಕೂಲವಾಗುವ ರೂಪಕ್ಕೆ ಕೃತಿಯನ್ನು ಮಾರ್ಪಡಿಸಿಕೊಡಲು ಅವಕಾಶ ನೀಡಿದೆ. ಅಂದರೆ ತರಗತಿಯ ಮಕ್ಕಳಿಗೆ ನಾಲ್ಕು ಪುಟಗಳನ್ನು ಜೆರಾಕ್ಸ್ ಮಾಡಿ ಕೊಡುವುದು ಬೇರೆ, ಇಡೀ ಪುಸ್ತಕವನ್ನು ಲೋಕಕ್ಕೆಲ್ಲ ಹರಿಯಬಿಡುವುದು ಬೇರೆ.

ಶರೀಅತ್ತಿನ ದೃಷ್ಟಿಯಲ್ಲಿ ಈ ಹಕ್ಕಿನ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದ್ದದ್ದು ನಿಜ. ಹಿಂದಿನ ತಲೆಮಾರಿನ ಕೆಲವು ಹಿರಿಯರು, ಕಾಸು ಕೊಟ್ಟು ಕೊಂಡ ಕಿತಾಬು ಕೊಂಡವನದ್ದು, ಅದನ್ನು ನಕಲು ಮಾಡದಂತೆ ತಡೆಯುವ ಹಕ್ಕು ಬರೆದವನಿಗೆ ಇಲ್ಲ ಎಂದಿದ್ದರು. ಹನಫಿ ಫಿಕ್‌ಹಿನ ಹಳೆಯ ವ್ಯಾಖ್ಯಾನದಲ್ಲಿ ಕೈಗೆ ಸಿಗುವ, ಕೂಡಿಡಬಹುದಾದ ವಸ್ತುವೇ ಸಂಪತ್ತು. ಶಾಫಿಈ ಮುಂತಾದ ಇತರ ಮದ್‌ಹಬ್‌ಗಳಲ್ಲಿ ವಸ್ತುವಿನಿಂದ ದೊರೆಯುವ ಪ್ರಯೋಜನವೂ ಸಂಪತ್ತೇ. ನಮ್ಮ ನಾಡಿನಲ್ಲಿ ಕರಾವಳಿಯ ಬಹುತೇಕರು ಶಾಫಿಈಗಳು, ಘಟ್ಟದ ಮೇಲಿನ ಬಹುತೇಕರು ಹನಫಿಗಳು. ಆದುದರಿಂದ ಎರಡೂ ಮಾತುಗಳು ನಮ್ಮ ಕಿವಿಗೆ ಬಿದ್ದಿವೆ. ಆದರೆ ಕಾಲ ಬದಲಾದಂತೆ ಚಿಂತನೆಯೂ ಸ್ಪಷ್ಟವಾಯಿತು. ಇಸ್ಲಾಮೀ ರಾಷ್ಟ್ರಗಳ ಸಂಘಟನೆಯ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿಯು 1988ರ ಡಿಸೆಂಬರಿನಲ್ಲಿ ಕುವೈತಿನಲ್ಲಿ ಸೇರಿ, ಗ್ರಂಥರಚನೆಯ ಹಕ್ಕು ಶರೀಅತ್ತಿನಿಂದ ರಕ್ಷಿತವಾದುದು, ಅದರ ಮೇಲೆ ಅತಿಕ್ರಮಣ ಮಾಡುವಂತಿಲ್ಲ ಎಂದು ನಿರ್ಣಯಿಸಿತು. ಪಾಕಿಸ್ತಾನದ ಹನಫಿ ವಿದ್ವಾಂಸ ಮುಫ್ತಿ ತಖೀ ಉಸ್ಮಾನಿಯವರೂ ಈ ಹಕ್ಕಿಗೆ ಮಾನ್ಯತೆ ಇದೆಯೆಂಬ ಅಭಿಪ್ರಾಯದವರು.

"ದೀನಿನ ಜ್ಞಾನಕ್ಕೆ ಬೆಲೆಯೇ?" ಎಂದು ಕೇಳುವವರಿದ್ದಾರೆ. ಮಹ್ರ್ ಕೊಡಲು ಏನೂ ಇಲ್ಲದ ಒಬ್ಬ ಬಡ ಸಹಾಬಿಗೆ ಪ್ರವಾದಿವರ್ಯರು(ಸ) ಅವರಿಗೆ ಗೊತ್ತಿದ್ದ ಕುರ್‌ಆನ್ ಅಧ್ಯಾಯಗಳನ್ನೇ ಆಧಾರವಾಗಿಸಿ ವಿವಾಹ ಮಾಡಿಕೊಟ್ಟ ಘಟನೆ ಹದೀಸಿನಲ್ಲಿದೆ. ಕಲಿಸುವ ಶ್ರಮಕ್ಕೆ ಮೌಲ್ಯವಿದೆಯೆನ್ನಲು ಅನೇಕ ಫುಖಹಾಗಳು ಇದನ್ನು ಪುರಾವೆಯಾಗಿ ತೆಗೆದುಕೊಂಡಿದ್ದಾರೆ. ಪರರ ಬರಹವನ್ನು ತನ್ನದೆಂದು ಹೇಳಿಕೊಳ್ಳುವವರ ವಿರುದ್ಧವಂತೂ ನಮ್ಮ ಹಿರಿಯರು ಕಠೋರವಾಗಿಯೇ ಮಾತನಾಡಿದ್ದಾರೆ. ಹಿಜರಿ 911ರಲ್ಲಿ ನಿಧನರಾದ ಇಮಾಮ್ ಸುಯೂತಿ(ರ)ಯವರು ಗ್ರಂಥಕರ್ತನಿಗೂ ಕಳ್ಳನಿಗೂ ಇರುವ ವ್ಯತ್ಯಾಸವನ್ನು ತೋರಿಸಲೆಂದೇ ಒಂದು ಕಿರುಹೊತ್ತಗೆಯನ್ನು ಬರೆದರು.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ಕುರ್‌ಆನ್ ಯಾರ ಸ್ವಾಮ್ಯವೂ ಅಲ್ಲ. ಇಮಾಮ್ ಬುಖಾರಿ(ರ)ಯವರು ಹಿಜರಿ 256ರಲ್ಲಿ ನಿಧನರಾದವರು. ಅವರ ಸಂಗ್ರಹದ ಮೂಲಕ್ಕೂ ಇಂದು ಹಕ್ಕುದಾರರಿಲ್ಲ. ಆದರೆ ಅವುಗಳ ಕನ್ನಡ ಅನುವಾದ, ಅಡಿಟಿಪ್ಪಣಿ, ವ್ಯಾಖ್ಯಾನ ಇವೆಲ್ಲ ಇನ್ನೊಬ್ಬರ ದುಡಿಮೆ. ನ್ಯಾಯಾಲಯದ ತೀರ್ಪುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ಇಂಥದೇ ಭೇದವನ್ನು ತೋರಿಸಿತು: ತೀರ್ಪಿನ ಮೂಲಪಾಠ ಎಲ್ಲರದ್ದು, ಆದರೆ ಸಂಪಾದಕರು ತಮ್ಮ ಬುದ್ಧಿ ಬಳಸಿ ಸೇರಿಸಿದ ಟಿಪ್ಪಣಿಗಳು ಅವರದ್ದು. ಆದುದರಿಂದ "ಇದು ಹದೀಸ್ ಪುಸ್ತಕವಲ್ಲವೇ" ಎನ್ನುವ ಸಮಜಾಯಿಷಿ ಅನುವಾದಕರ ನಾಲ್ಕು ವರ್ಷಗಳ ರಾತ್ರಿಗಳನ್ನು ಅಳಿಸಲಾರದು.

ಹಕ್ಕು ನಮ್ಮ ಇಷ್ಟಾನಿಷ್ಟಗಳನ್ನು ಅವಲಂಬಿಸಿದ್ದೂ ಅಲ್ಲ. ಸಾರಾ ಅಬೂಬಕ್ಕರ್ ಅವರ "ಚಂದ್ರಗಿರಿಯ ತೀರದಲ್ಲಿ" ಕಾದಂಬರಿಯ ವಿಚಾರಗಳನ್ನು ಒಪ್ಪದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ "ಬ್ಯಾರಿ" ಚಲನಚಿತ್ರವು ತಮ್ಮ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಂಡಿದೆಯೆಂದು ಅವರು ಮಂಗಳೂರಿನ ನ್ಯಾಯಾಲಯಕ್ಕೆ ಹೋದಾಗ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತಿತು. ಬರಹವನ್ನು ಒಪ್ಪುವುದು, ಬಿಡುವುದು ಓದುಗನ ಸ್ವಾತಂತ್ರ್ಯ. ಬರೆದವರ ಹಕ್ಕನ್ನು ಕೊಡುವುದು ಅದಲ್, ಅಂದರೆ ನ್ಯಾಯ.

ಹಾಗಾದರೆ ಬಡ ವಿದ್ಯಾರ್ಥಿ ಏನು ಮಾಡಬೇಕು? ಮಲೆನಾಡಿನ ಮೂಲೆಯಲ್ಲಿ ಪುಸ್ತಕದ ಅಂಗಡಿಯೇ ಇಲ್ಲದ ಊರಿನ ಹುಡುಗಿ, ಗಲ್ಫಿನ ಕೋಣೆಯಲ್ಲಿ ಕನ್ನಡದ ನಾಲ್ಕು ಅಕ್ಷರಗಳಿಗೆ ಹಂಬಲಿಸುವ ಯುವಕ, ಇವರಿಗೆ ನಾವು ಏನು ಹೇಳೋಣ? ಇದು ಬಹಳ ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರಿಸುವ ಭಾರ ಓದುಗರ ಮೇಲಲ್ಲ, ಬರೆಯುವವರು ಮತ್ತು ಪ್ರಕಟಿಸುವವರ ಮೇಲೆ ಹೆಚ್ಚಾಗಿದೆ. ಅಚ್ಚು ಮುಗಿದು ವರ್ಷಗಳೇ ಕಳೆದರೂ ಮರುಮುದ್ರಣವನ್ನೂ ಮಾಡದೆ, ಇ-ಪುಸ್ತಕವನ್ನೂ ಕೊಡದೆ ಹಕ್ಕನ್ನು ಮಾತ್ರ ಹಿಡಿದು ಕುಳಿತ ಪ್ರಕಾಶಕರು ಜ್ಞಾನವನ್ನು ಮುಚ್ಚಿಟ್ಟವರ ಸಾಲಿನಲ್ಲಿ ನಿಲ್ಲಬೇಕಾದೀತು. ಅವರೂ ಅಲ್ಲಾಹನನ್ನು ಭಯಪಡಲಿ.

ಇದಕ್ಕೆ ದಾರಿ ನಮ್ಮ ಪರಂಪರೆಯಲ್ಲಿಯೇ ಇದೆ. ಅದು ವಕ್ಫ್. ಹಳೆಯ ಹಸ್ತಪ್ರತಿಗಳ ಮೇಲೆ "ಅಲ್ಲಾಹನಿಗಾಗಿ ವಕ್ಫ್" ಎಂಬ ಬರಹವನ್ನು ಕಂಡವರಿಗೆ ಇದು ಹೊಸತಲ್ಲ. ಇಂದಿನ ಕಾನೂನೂ ಲೇಖಕನಿಗೆ ತನ್ನ ಹಕ್ಕನ್ನು ಸಾರ್ವಜನಿಕ ಪ್ರಕಟಣೆಯ ಮೂಲಕ ಬಿಟ್ಟುಕೊಡುವ ಅವಕಾಶ ನೀಡಿದೆ. ಹಕ್ಕನ್ನು ಉಳಿಸಿಕೊಂಡೇ ಷರತ್ತಿನ ಮೇಲೆ ಹಂಚಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳೂ ಇವೆ. ಕನ್ನಡದ ಹಿರಿಯ ಲೇಖಕ ನಿರಂಜನರು 1992ರಲ್ಲಿ ನಿಧನರಾದರು. ಅವರ ಕೃತಿಗಳ ಹಕ್ಕು ಇನ್ನೂ ದಶಕಗಳ ಕಾಲ ಕುಟುಂಬದ ಬಳಿ ಇರುತ್ತಿತ್ತು. ಆದರೂ 2014ರಲ್ಲಿ ಅವರ ಹಕ್ಕುದಾರರು 55 ಕೃತಿಗಳನ್ನು ಈ ಪರವಾನಗಿಯಡಿ ಎಲ್ಲರಿಗೂ ತೆರೆದಿಟ್ಟರು. ಅವರು ನಮ್ಮ ಧರ್ಮದವರಲ್ಲ, ಅವರ ವಿಚಾರಧಾರೆ ಬೇರೆ. ಆದರೂ ಆ ಔದಾರ್ಯದಿಂದ ನಾವು ಕಲಿಯಬೇಕಾದುದಿದೆ. ವಕ್ಫ್ ಮಾಡಿದವನ ಷರತ್ತನ್ನು ಗೌರವಿಸಬೇಕೆಂಬುದು ಫಿಕ್‌ಹಿನ ನಿಯಮ. ಈ ಪರವಾನಗಿಯೂ ಹಾಗೆಯೇ: ಹಂಚಿರಿ, ಆದರೆ ಬರೆದವರ ಹೆಸರನ್ನು ಅಳಿಸದಿರಿ.

ಪ್ರಿಯ ಸಹೋದರ ಸಹೋದರಿಯರೇ, ನಮ್ಮ ವಿನಂತಿ ಇಷ್ಟೇ. ಪಿಡಿಎಫ್ ಒಂದನ್ನು ಮುಂದಕ್ಕೆ ಕಳುಹಿಸುವ ಮೊದಲು ಅದರ ಮುಖಪುಟದ ಹಿಂಬದಿಯನ್ನು ನೋಡಿರಿ. ಹಂಚಲು ಅನುಮತಿಯಿದೆಯೆಂದು ಬರೆದಿದ್ದರೆ ಧಾರಾಳವಾಗಿ ಹಂಚಿರಿ. ಪುಣ್ಯ ನಿಮ್ಮದೂ ಹೌದು, ಅವರದೂ ಹೌದು. ಹಕ್ಕುಗಳು ಲೇಖಕರವು ಎಂದಿದ್ದರೆ ಒಂದು ಫೋನ್ ಕರೆ ಮಾಡಿ ಕೇಳಿರಿ. ದೀನಿಗಾಗಿ ಬರೆದವರಲ್ಲಿ ಹೆಚ್ಚಿನವರು ಸಂತೋಷದಿಂದಲೇ ಒಪ್ಪುತ್ತಾರೆ. ಒಪ್ಪದಿದ್ದರೆ ಪುಸ್ತಕದ ಹೆಸರು, ಬೆಲೆ, ಸಿಗುವ ಸ್ಥಳ ಇವನ್ನು ಹಂಚಿರಿ. ಪ್ರತಿಯೊಂದು ಜಮಾಅತ್ ತನ್ನ ಮಸೀದಿಯಲ್ಲಿ ಒಂದು ಕಪಾಟನ್ನಿಟ್ಟು, ಹೊಸ ಕನ್ನಡ ಪುಸ್ತಕ ಬಂದಾಗ ಎರಡು ಪ್ರತಿಗಳನ್ನು ಕೊಂಡರೆ ಬಡ ಮಕ್ಕಳ ಓದೂ ನಡೆಯುತ್ತದೆ, ಬರೆದವರ ಸಾಲವೂ ತೀರುತ್ತದೆ. ಮದುವೆಯಲ್ಲಿ ಉಡುಗೊರೆ ಕೊಡುವವರು, ಅಗಲಿದ ತಂದೆ-ತಾಯಿಯರ ಹೆಸರಿನಲ್ಲಿ ಸದಖ ಮಾಡುವವರು ನೂರು ಪ್ರತಿಗಳನ್ನು ಕೊಂಡು ಹಂಚಬಹುದು. ಅದಕ್ಕಿಂತ ಒಳ್ಳೆಯ ಸದಖ ಜಾರಿಯಾ ಯಾವುದಿದೆ?

ನಾವು ಆ ತಂದೆಗೆ ಇದನ್ನೆಲ್ಲ ಹೇಳಿ ಮುಗಿಸಿದಾಗ ಅವರು ಸ್ವಲ್ಪ ಹೊತ್ತು ಮೌನವಾಗಿದ್ದು, "ಆ ಎರಡನೆಯ ಭಾಗ ಅಚ್ಚಾಗಲು ಎಷ್ಟು ಬೇಕು ಉಸ್ತಾದರೇ?" ಎಂದು ಕೇಳಿದರು. ಕನ್ನಡದಲ್ಲಿ ದೀನಿನ ಸಾಹಿತ್ಯ ಬೆಳೆಯಬೇಕಾದರೆ ಈ ಪ್ರಶ್ನೆಯನ್ನು ಕೇಳುವವರು ಇನ್ನೂ ಹೆಚ್ಚಬೇಕು.

ನಮ್ಮ ಜ್ಞಾನವನ್ನು ಪ್ರಯೋಜನಕಾರಿಯಾಗಿಸಲು, ಹಂಚುವ ಕೈಗಳಿಗೂ ಬರೆಯುವ ಕೈಗಳಿಗೂ ಬರಕತ್ ನೀಡಲು, ಪರರ ಹಕ್ಕಿನ ಭಾರ ಹೊತ್ತು ತನ್ನ ಮುಂದೆ ನಿಲ್ಲುವ ಸ್ಥಿತಿಯಿಂದ ನಮ್ಮನ್ನು ಕಾಪಾಡಲು ಸರ್ವಶಕ್ತನಾದ ಅಲ್ಲಾಹನಲ್ಲಿ ಬೇಡುತ್ತೇವೆ. ಆಮೀನ್.